ಸವುಳು ಮಣ್ಣು

ಕಳೆದ ತಿಂಗಳು ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಒಣಮೀನಿನ ಚೀಲ ಹಿಡಿದ ಹೆಂಗಸೊಬ್ಬಳು ನನ್ನ ಪಕ್ಕ ಬಂದು ಕೂತಳು. ಚೀಲಕ್ಕೆ ಒಂದರ ಮೇಲೊಂದು ಪ್ಲಾಸ್ಟಿಕ್ ಸುತ್ತಿದ್ದಳು. ಎಷ್ಟು ಸುತ್ತಿದರೇನು, ಬಸ್ಸು ಹೊರಟು ಕಿಟಕಿಯ ಗಾಳಿ ಒಳಗೆ ನುಗ್ಗಿದ್ದೇ ತಡ, ವಾಸನೆ ಡ್ರೈವರನ ಸೀಟಿನವರೆಗೂ ಹೋಯಿತು. "ಏ ಯವ್ವಾ, ಅದನ್ನ ಹಿಂದ ಒಯ್ದು ಇಡಬಾರದೇನು? ಗಾಡಿ ತುಂಬ ದರ್ಯಾ ಆಗ್ಯಾದ" ಎಂದು ಕಂಡಕ್ಟರ್ ಗೊಣಗಿದ. ನಮ್ಮ ಕಡೆ ಕಡಲಿಗೆ ದರ್ಯಾ ಎನ್ನುತ್ತಾರೆ. ಅವಳೇನು ಕೇಳಿಸಿಕೊಂಡು ಸುಮ್ಮನಿರುವವಳಲ್ಲ. "ನಿನ್ನ ಗಾಡಿಗಿ ದರ್ಯಾ ನೋಡೂ ನಸೀಬ ಬಂದದ ಅನ್ಕೊಂಡು ಸುಮ್ನ ಟಿಕೀಟ್ ಹರಿ" ಎಂದಳು. ಜನ ನಕ್ಕರು. ನಾನು ಮಾತ್ರ ಮೂಗು ಮುಚ್ಚಿಕೊಳ್ಳುವ ಬದಲು ಆ ವಾಸನೆಯನ್ನು ಎಳೆದೆಳೆದು ಒಳಗೆ ತೆಗೆದುಕೊಳ್ಳುತ್ತಿದ್ದೆ. ಹೆಂಗಸು ನನ್ನ ಮುಖವನ್ನೊಮ್ಮೆ ನೋಡಿ, ಇವಳಿಗೆ ತಲೆ ಸರಿಯಿಲ್ಲವೇನೋ ಎಂಬಂತೆ ಚೀಲವನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡಳು.

ನನ್ನ ಮಟ್ಟಿಗೆ ಆ ವಾಸನೆ ಕಡಲಿನದಲ್ಲ. ಸುರಪುರದ ಒಂದು ಮಾಳಿಗೆಯದು, ಒಂದು ಮಳೆಗಾಲದ್ದು.

ಆ ವರ್ಷ ನಾನು ಸುರಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅದು ಹೊಟ್ಟೆಪಾಡಿಗೆ. ನಿಜವಾದ ಕೆಲಸ ಬೇರೆಯೇ ಇತ್ತು, ಅದನ್ನು ಯಾರಿಗೂ ಸರಿಯಾಗಿ ಹೇಳಿ ಮುಗಿಸಲು ಆಗುತ್ತಿರಲಿಲ್ಲ. ಉತ್ತರದ ದೇಶಗಳ ಕಡೆ ಒಂದು ತಣ್ಣನೆಯ ಕಡಲಿದೆ. ದೊಡ್ಡ ಯುದ್ಧ ಮುಗಿದ ಮೇಲೆ ಉಳಿದ ಬಾಂಬು, ಮದ್ದುಗುಂಡುಗಳನ್ನು ಏನು ಮಾಡುವುದೆಂದು ತಿಳಿಯದೆ ಹಡಗುಗಟ್ಟಲೆ ತಂದು ಅದರಲ್ಲಿ ಮುಳುಗಿಸಿಬಿಟ್ಟರು. ಮುಳುಗಿದ್ದು ಮುಗಿಯಿತು ಎಂದುಕೊಂಡರು. ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಒಳಗಿನ ವಿಷ ನೀರಿಗೆ ಕರಗತೊಡಗಿತು. ಕರಗಿದ್ದು ಯಾವ ಕಡೆ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ, ಯಾವ ದಂಡೆಯ ಮೀನಿನ ಹೊಟ್ಟೆ ಸೇರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಆ ದೇಶದಲ್ಲಿ ಕೆಲವು ವರ್ಷ ಇದ್ದು ಅದನ್ನೇ ಮಾಡಿದ್ದೆ. ಅಲ್ಲಿರುವ ಅವಧಿ ಮುಗಿದಾಗ, ಕೊನೆಯ ವರದಿಯನ್ನು ನಿನ್ನ ಊರಿನಿಂದಲೇ ಮಾಡಿ ಕಳಿಸು ಎಂದರು.

ನನ್ನ ಊರು ಯಾದಗಿರಿ ಪಕ್ಕದ ಮುದನಾಳ. ಅಲ್ಲಿ ಅಣ್ಣನ ಮನೆಯಿದೆ, ಅತ್ತಿಗೆಯಿದ್ದಾಳೆ. ನನ್ನ ಮದುವೆಯ ಮಾತು ತೆಗೆಯದೆ ಒಂದು ತುತ್ತೂ ಬಡಿಸಲಾರದವಳು. ಹಾಗಾಗಿ ಸುರಪುರದ ಕೆಲಸ ಸಿಕ್ಕಿದ್ದೇ ನೆಪ, ಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಹಿಂದಿನ ಭಾಗದಲ್ಲಿ ಮನೆಯೊಡತಿ ನಿಂಗಮ್ಮ ಒಬ್ಬಳೇ ಇದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು, ಮಕ್ಕಳಿಲ್ಲ, ಗಂಡ ದೂರದಲ್ಲಿ ದುಡಿಯುತ್ತಾನೆ ಎಂದಷ್ಟೇ ಮೊದಲು ತಿಳಿದದ್ದು. ಕಾಲೇಜಿನಲ್ಲಿ ಎಲ್ಲರೂ ಒಳ್ಳೆಯವರೇ. ಸುರಪುರದಾಗ ಕುಂತು ಸಮುದ್ರ ಅಳೆಯೋ ಮೇಡಮ್ಮು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು, ಚಹಾ ಕುಡಿಸುತ್ತಿದ್ದರು, ಸಂಜೆಯಾದರೆ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ವಾರಕ್ಕೊಮ್ಮೆ ಆ ದೂರದ ದೇಶದವರ ಜೊತೆ ಕಂಪ್ಯೂಟರಿನಲ್ಲಿ ಮಾತುಕತೆ. ಮುಗಿದ ಕೂಡಲೇ ಒಬ್ಬೊಬ್ಬರ ಮುಖ ಮಾಯವಾಗಿ ಕಪ್ಪು ಪರದೆಯಲ್ಲಿ ನನ್ನದೇ ಮುಖ ಉಳಿಯುತ್ತಿತ್ತು. ಒಂಟಿತನ ಎಂದರೆ ಯಾರೂ ಇಲ್ಲದಿರುವುದು ಎಂದುಕೊಂಡಿದ್ದೆ. ದಿನವಿಡೀ ತಲೆಯಲ್ಲಿರುವ ಸಂಗತಿಯನ್ನು ಹೇಳಿದರೆ ಹೂಂ ಎನ್ನುವವರು ಇಲ್ಲದಿರುವುದು ಎಂದು ಆ ಊರಲ್ಲಿ ಗೊತ್ತಾಯಿತು.

ಜೂನಿನಲ್ಲಿ ಮಿರಗ ಮಳೆ ಶುರುವಾದಾಗ ನಿಂಗಮ್ಮನ ಗಂಡ ಬಂದ. ಭೀಮರಾಯ ಪಡುವಣ ಕರಾವಳಿಯಲ್ಲಿ ಮೀನು ಹಿಡಿಯುವ ಬೋಟಿನಲ್ಲಿ ಕೂಲಿ. ನಮ್ಮ ಕಡೆಯಿಂದ ಎಷ್ಟೋ ಜನ ಹಾಗೆ ಹೋಗುತ್ತಾರೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಸಬಾರದೆಂಬ ನಿಯಮವಿರುವುದರಿಂದ ಆ ಎರಡು ತಿಂಗಳು ಊರಿಗೆ ಬರುತ್ತಾರೆ. ಬರುವಾಗ ಒಂದು ಚೀಲ ಒಣಮೀನು ತಂದ. ಥಂಡಿ ಹಿಡಿಯಬಾರದೆಂದು ಬಿಸಿಲು ಬಿದ್ದಾಗಲೆಲ್ಲ ಮಾಳಿಗೆಯ ಮೇಲೆ ಹರವುತ್ತಿದ್ದ. ಹಗ್ಗದ ಮೇಲೆ ನನ್ನ ಸೀರೆ, ಕೆಳಗೆ ಅವನ ಮೀನು. ಎರಡೇ ದಿನದಲ್ಲಿ ಕ್ಲಾಸಿನ ಮುಂದಿನ ಬೆಂಚಿನ ಹುಡುಗಿಯರು ಮೂಗಿಗೆ ಓಢಣಿ ಹಿಡಿದರು. ನಾನು ಸಿಟ್ಟಿನಿಂದ ಮೇಲೆ ಹೋಗಿ, "ಇದೇನ್ರಿ, ನನ್ನ ಸೀರಿಗಿ ನಿಮ್ಮ ಮೀನಿಂದಽ ಅತ್ತರ್ ಹಚ್ಚೀರಿ?" ಎಂದೆ. ಭೀಮರಾಯ ಕಾಗೆ ಓಡಿಸುತ್ತಿದ್ದವನು ತಿರುಗಿ, "ಅಕ್ಕೋರ, ಮನ್ನಿ ನೀವ ಹೇಳಿದ್ರಂತ ನಮ್ಮಾಕಿ ಮುಂದ, ಸಮುದ್ರದ್ದು ಓದೀನಂತ. ಓದಿದವರಿಗಿ ವಾಸನಿ ಆಗಿಬರಂಗಿಲ್ಲೇನ್ರಿ?" ಎಂದ. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಮೊಬೈಲಿನ ಸಿಗ್ನಲ್ ಮಾಳಿಗೆಯ ಮೇಲೆ ನೀರಿನ ಟಾಕಿಯ ಮಗ್ಗುಲಲ್ಲಿ ಮಾತ್ರ ಸಿಗುತ್ತಿದ್ದುದರಿಂದ ನಾನು ಅಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅವನು ಮೀನು ತಿರುವಿ ಹಾಕಲು ಬರುತ್ತಿದ್ದ. ಹೀಗೆ ಮಾತು ಬೆಳೆಯಿತು.

"ನೀವು ದರ್ಯಾದಾಗ ಹೋಗೀರೇನ್ರಿ?" ಎಂದು ಒಮ್ಮೆ ಕೇಳಿದ.

"ಒಮ್ಮೆ ಹೋಗೀನ್ರಿ, ಹಡಗಿನಾಗ. ಹೋಗಿ ಬರೂತನ ವಾಂತಿ ಮಾಡೀನಿ."

"ಹಂಗಾದ್ರ ನೀವು ನಮ್ಮವರ. ಮೊದಲ ವರ್ಷ ನಾನೂ ಬರೇ ಅದ ಮಾಡೀನಿ. ಬೋಟಿನ ಮಾಲಕ ಅಂದ, ಇಂವನ್ನ ಬಲಿ ಎಳ್ಯಾಕ ತಂದೀರೋ, ಮೀನಿಗಿ ಉಣಸಾಕ ತಂದೀರೋ ಅಂತ."

ಅವನಿಗೆ ನನ್ನ ಚಿತ್ರ ತೋರಿಸಿದೆ. ಕಡಲನ್ನು ನಾವು ಚೌಕ ಚೌಕವಾಗಿ ಕತ್ತರಿಸಿಕೊಳ್ಳುತ್ತೇವೆ, ಕೌದಿಗೆ ಅರಿವೆ ಕತ್ತರಿಸಿದ ಹಾಗೆ. ಒಂದೊಂದು ಚೌಕದಲ್ಲಿ ನೀರು ಯಾವ ಕಡೆ ಹರಿಯುತ್ತದೆ, ಗಾಳಿ ಎಷ್ಟು ತಳ್ಳುತ್ತದೆ ಎಂದು ತುಂಬುತ್ತೇವೆ. ಮದ್ದುಗುಂಡು ಬಿದ್ದ ಜಾಗದಿಂದ ಚುಕ್ಕಿಗಳನ್ನು ಬಿಡುತ್ತೇವೆ, ಒಂದೊಂದು ಚುಕ್ಕಿಯೂ ಒಂದಿಷ್ಟು ಕರಗಿದ ವಿಷ. ಅವು ನೀರಿನ ಜೊತೆ ಸಾಗುತ್ತ, ಚದುರುತ್ತ ಹೊಗೆಯ ಹಾಗೆ ಹಬ್ಬುತ್ತವೆ. ಭೀಮರಾಯ ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದ. ನಿಂಗಮ್ಮನನ್ನೂ ಮೇಲೆ ಕರೆದು ತೋರಿಸಿದ. "ನೋಡಲೇ, ದರ್ಯಾದಾಗ ಏನ ಬಿದ್ರೂ ಎಲ್ಲಿಗಿ ಹೋತಂತ ಅಕ್ಕೋರು ಹೇಳ್ತಾರ" ಎಂದ. ಏನು ಬಿದ್ದರೂ ಎಂದು ನಾನು ಹೇಳಿರಲಿಲ್ಲ. ತಿದ್ದಬೇಕೆನಿಸಲಿಲ್ಲ, ಅಷ್ಟು ಖುಷಿಯಾಗಿತ್ತು. ಎಷ್ಟೋ ತಿಂಗಳಾದ ಮೇಲೆ ಒಬ್ಬರು ನನ್ನ ಕೆಲಸವನ್ನು ಕೂತು ನೋಡಿದ್ದರು.

ಅವನು ಕಡಲಿಗೆ ಹೋಗಿದ್ದು ಹೊಲದ ದೆಸೆಯಿಂದ. ಅವರ ಹೊಲಕ್ಕೆ ಕಾಲುವೆ ನೀರು ಬಂದಾಗ ಅವರಪ್ಪ ಓಣಿಗೆಲ್ಲ ಪೇಢೆ ಹಂಚಿದ್ದನಂತೆ. ಭತ್ತ ಬೆಳೆದು ಬೆಳೆದು, ನೀರು ನಿಂತು ನಿಂತು, ಮಣ್ಣು ಸವುಳಾಯಿತು. ಬೇಸಿಗೆಯಲ್ಲಿ ಮೇಲೆಲ್ಲ ಬೆಳ್ಳಗೆ ಉಪ್ಪು ಏಳುತ್ತಿತ್ತು. ಅಣ್ಣ ಸಾಬಣ್ಣನ ಪಾಲು ದಿಬ್ಬದ ಮೇಲಿದ್ದುದರಿಂದ ಉಳಿದುಕೊಂಡಿತು, ತಗ್ಗಿನಲ್ಲಿದ್ದ ಇವನ ಪಾಲು ಕೆಟ್ಟಿತು. "ಇಲ್ಲೂ ಉಪ್ಪು, ಅಲ್ಲೂ ಉಪ್ಪುರಿ. ಅಲ್ಲಿ ಉಪ್ಪಿನಾಗ ನಿಂತ್ರ ಪಗಾರ ಕೊಡ್ತಾರ, ಇಲ್ಲಿ ಕೊಡಂಗಿಲ್ಲ. ಅಷ್ಟ ಫರಕ" ಎನ್ನುತ್ತಿದ್ದ. ಈಜು ಬರುತ್ತದೆಯೇ ಎಂದರೆ, "ಬಾವ್ಯಾಗ ಬರ್ತದ" ಎಂದು ನಕ್ಕ.

ಶ್ರಾವಣ ಕಾಲಿಟ್ಟಾಗ ಸಂಗಡಿಗರ ಜೊತೆ ಬಸ್ಸು ಹತ್ತಿದ. ಹೋಗುವಾಗ ನನ್ನ ಬಾಗಿಲ ಮುಂದೆ ನಿಂತು, "ಅಕ್ಕೋರ, ಮುಂದಿನ ಮಿರಗಕ್ಕ ಬರ್ತೀನಿ, ಅಲ್ಲಿತನ ನಿಮ್ಮ ಸೀರಿ ಅರಾಮ ಇರಲಿ" ಎಂದ.

ತಿಂಗಳು ಕಳೆದಿತ್ತು. ಒಂದು ಮಧ್ಯಾಹ್ನ ಕಾಲೇಜಿನಿಂದ ಬರುವಷ್ಟರಲ್ಲಿ ಓಣಿ ತುಂಬ ಜನ. ಗಾಳಿ ಎದ್ದ ದಿನ ದಂಡೆಗೆ ವಾಪಸಾಗುತ್ತಿದ್ದ ಬೋಟು ಮಗುಚಿತ್ತು. ಉಳಿದವರನ್ನು ಬೇರೆ ಬೋಟಿನವರು ಎತ್ತಿಕೊಂಡರು, ಭೀಮರಾಯ ಸಿಗಲಿಲ್ಲ. ಸಾಬಣ್ಣ ಅವತ್ತೇ ಹೊರಟ. ದಂಡೆಯ ಮೇಲೆ ದಿನಗಟ್ಟಲೆ ಕಾದು, ಹುಡುಕುವವರು ಹುಡುಕಿ ಸಾಕೆಂದು ಬಿಟ್ಟ ಮೇಲೆ, ತಮ್ಮನ ಬಟ್ಟೆಯ ಬ್ಯಾಗು ಹಿಡಿದು ಒಬ್ಬನೇ ಬಂದ. ಬ್ಯಾಗಿನಿಂದಲೂ ಅದೇ ಒಣಮೀನಿನ ವಾಸನೆ. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವನಿಗೆ ನಾನು ಯಾರು? ಬಾಡಿಗೆಗಿದ್ದವಳು. ಅಳುವವರ ನಡುವೆ ಹೋಗಿ ಕೂರಲು ನನಗೊಂದು ಜಾಗವಿರಲಿಲ್ಲ.

ನಮ್ಮ ಕಡೆ ಸತ್ತವರಿಗೆ ಮಣ್ಣು ಕೊಡಬೇಕು. ಸಾವಿಗೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದು ಎಂದೇ ಹೇಳುತ್ತೇವೆ. ಹೋದವರೆಲ್ಲ ಒಂದೊಂದು ಹಿಡಿ ಹಾಕಿ ಬರುತ್ತಾರೆ. ಹೆಣವೇ ಇಲ್ಲದಿದ್ದರೆ? ಹಿರಿಯರು ಕೂತು ಮಾತಾಡಿ, ಜೋಳದ ದಂಟಿನಿಂದ ಗೊಂಬೆ ಮಾಡಿ ಅದಕ್ಕೆ ಮಣ್ಣು ಕೊಡುವುದು, ನಿಂಗಮ್ಮನ ಬಳೆ ತೆಗೆಸುವುದು ಎಂದು ನಿಶ್ಚಯಿಸಿದರು. ನಿಂಗಮ್ಮ ಒಪ್ಪಲಿಲ್ಲ.

"ನಾ ದಂಟಿನ ಹೇಣ್ತಿ ಅಲ್ಲ. ಅವರು ಎಲ್ಲಿ ಅದಾರಂತ ಗೊತ್ತಾಗೂತನ ಬಳಿ ಮುಟ್ಟಬ್ಯಾಡ್ರಿ" ಎಂದು ಎಲ್ಲರೆದುರು ಹೇಳಿ, ನೇರ ನನ್ನ ಕೋಣೆಗೆ ಬಂದಳು. ಹಿಂದೆಯೇ ಸಾಬಣ್ಣ.

"ಅಕ್ಕೋರ, ನಿಮ್ಮ ಮಷಿನ್‌ದಾಗ ನೋಡ್ರಿ. ಅವರಽ ಹೇಳ್ಯಾರ ನನಗ. ದರ್ಯಾದಾಗ ಏನ ಬಿದ್ರೂ ಎಲ್ಲಿಗಿ ಹೋತಂತ ನೀವು ಹೇಳ್ತೀರಂತ."

ನನ್ನ ಕಡಲು ಬೇರೆ ಎಂದೆ. ನಾನು ಲೆಕ್ಕ ಹಾಕುವುದು ಕರಗಿದ ವಿಷವನ್ನು, ಮನುಷ್ಯನನ್ನಲ್ಲ ಎಂದೆ. ಅವಳು ಅದೆಲ್ಲ ಕೇಳಿಸಿಕೊಂಡು, ನೋಡ್ರಿ ಎಂದಳು ಮತ್ತೆ. ಸಾಬಣ್ಣ ತಲೆ ತಗ್ಗಿಸಿ, "ಏನರೆ ಒಂದು ಹೇಳಿಬಿಡ್ರಿ. ಆಕಿ ನೀವು ಹೇಳಿದ್ದು ನಂಬತಾಳ" ಎಂದ. ಅದೇ ನನಗೆ ಹೆದರಿಕೆ. ಬೋಟು ಎಲ್ಲಿ ಮಗುಚಿತೆಂಬುದನ್ನು ಮಾಲೀಕನಿಂದ ಅವನು ಬರೆಸಿಕೊಂಡು ಬಂದಿದ್ದ. ಕಡಲಿನ ಗಾಳಿ, ನೀರಿನ ಹರಿವಿನ ಮಾಹಿತಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದದ್ದು. ಲೆಕ್ಕವೂ ಅದೇ ಲೆಕ್ಕ. ಮದ್ದುಗುಂಡಿನ ಜಾಗದಲ್ಲಿ ಭೀಮರಾಯ ಎಂದು ಇಡಬೇಕಿತ್ತು, ಅಷ್ಟೇ. ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ.

ಮೂವರೂ ಮಾಳಿಗೆಯ ಮೇಲೆ ಕೂತು ನೋಡಿದೆವು. ಚುಕ್ಕಿಗಳು ಮೊದಲು ಗುಂಪಾಗಿದ್ದವು. ಆಮೇಲೆ ದಂಡೆಯುದ್ದಕ್ಕೂ ದಕ್ಷಿಣಕ್ಕೆ ಉದ್ದವಾಗಿ ಎಳೆದುಕೊಂಡು ಹೋದವು. ಕೆಲವು ದಂಡೆಗೆ ಹತ್ತಿದವು, ಹಲವು ಒಳಗಡಲಿಗೆ ಹೋದವು, ಎಷ್ಟೋ ಚಿತ್ರದ ಅಂಚಿಗೆ ಬಂದು ಮಾಯವಾದವು.

"ಇದರಾಗ ಅವರು ಯಾವುದ್ರಿ?"

"ಎಲ್ಲಾ ಅವರ, ನಿಂಗಮ್ಮ. ಇವುಗಳಾಗ ಯಾವುದರೆ ಒಂದು ಇರಬಹುದು. ಯಾವುದಂತ ಯಾರಿಗೂ ಹೇಳಾಕ ಬರಂಗಿಲ್ಲ."

"ಅಂಚಿಗಿ ಹೋದವು ಎಲ್ಲಿಗಿ ಹೋದವು?"

"ಅವನ್ನ ತಗದು ಹಾಕ್ತೀವಿ."

ನಮ್ಮ ಕೆಲಸದವರೆಲ್ಲ ಮಾಡುವುದು ಅದನ್ನೇ. ಕಡಲನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಚೌಕಟ್ಟು ಹಾಕಲೇಬೇಕು, ಇಲ್ಲದಿದ್ದರೆ ಲೆಕ್ಕ ಮುಗಿಯುವುದಿಲ್ಲ. ಚೌಕಟ್ಟು ದಾಟಿದ ಚುಕ್ಕಿಯನ್ನು ಅಳಿಸಿಬಿಡುತ್ತೇವೆ. ಅಷ್ಟು ವರ್ಷ ಆ ಮಾತನ್ನು ಎಷ್ಟು ಸಲ ಹೇಳಿದ್ದೆನೋ. ನಿಂಗಮ್ಮ "ತಗದು ಹಾಕ್ತೀರಿ?" ಎಂದು ಮೆಲ್ಲಗೆ ಕೇಳಿದಾಗ ಮೊದಲ ಸಲ ನನ್ನ ಕಿವಿಗೇ ಅದು ಕೆಟ್ಟದಾಗಿ ಕೇಳಿಸಿತು.

ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. ಹೇಳದಿದ್ದರೆ ಅವಳು ಆ ಚುಕ್ಕಿಗಳನ್ನೇ ಕಾಯುತ್ತ ಕೂರುತ್ತಿದ್ದಳು. "ಅವರು ಪಡುವಣ ದರ್ಯಾದಾಗ ಅದಾರ. ಇಲ್ಲಿಂದ ಇಲ್ಲಿತನ, ಎಲ್ಲಿಯಾದರೂ. ಬರಂಗಿಲ್ಲ, ನಿಂಗಮ್ಮ." ಅವಳು ಅಳಲಿಲ್ಲ. ಪರದೆಯ ಮೇಲೆ ಕೈಯಾಡಿಸಿ, ಇಷ್ಟು ಜಾಗ ಎಂಬಂತೆ ಅಳೆದಳು. ಕೆಳಗಿಳಿದು ಹೋದಳು. ಮರುದಿನ ಅವಳ ಕೈಯಲ್ಲಿ ಬಳೆ ಇರಲಿಲ್ಲ. ಯಾರೂ ಒಡೆಸಿರಲಿಲ್ಲ, ತಾನೇ ತೆಗೆದಿಟ್ಟಿದ್ದಳು.

ದಂಟಿನ ಗೊಂಬೆಗೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಮನುಷ್ಯ ನೀರಿನಲ್ಲಿದ್ದಾನೆ, ಮಣ್ಣನ್ನೂ ನೀರಿನಲ್ಲೇ ಕೊಡುತ್ತೇನೆ ಎಂದಳು. ಮಹಾನವಮಿ ಕಳೆದ ಮೇಲೆ ತಿಂಥಣಿ ಸೇತುವೆಯ ಕೆಳಗೆ, ಕೃಷ್ಣೆಯ ದಂಡೆಗೆ ಹೋದೆವು. ಮಳೆಗಾಲದ ಕೆಂಪು ಇಳಿದು ಹೊಳೆ ತುಂಬಿ ಹರಿಯುತ್ತಿತ್ತು. ಸಾಬಣ್ಣ, ಹತ್ತಿರದ ನಾಲ್ಕೈದು ಜನ, ಎಲ್ಲರಿಗಿಂತ ಹಿಂದೆ ನಾನು. ಭೀಮರಾಯನ ಪಾಲಿನ ಹೊಲದ ಸವುಳು ಮಣ್ಣನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು, ವಿಭೂತಿ, ಪತ್ರಿ ತಂದಿದ್ದರು. ನಿಂಗಮ್ಮ ಮೊಣಕಾಲುದ್ದ ನೀರಿಗೆ ಇಳಿದು, ಮಣ್ಣು ಮುಷ್ಟಿಯಲ್ಲಿ ತೆಗೆದುಕೊಂಡು, ಹಾಕುವ ಮುನ್ನ ಹಿಂದೆ ತಿರುಗಿದಳು.

"ಅಕ್ಕೋರ, ಈ ನೀರು ಅವರ ಕಡಿ ಹೋಗ್ತದಲ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಹೂಂ ಎನ್ನಬಹುದಿತ್ತು. ಆದರೆ ಅವಳು ಸಮಾಧಾನಕ್ಕೆ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ನನ್ನ ಮಾತಿನ ಮೇಲೆ ಬಳೆ ತೆಗೆದವಳಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಇಲ್ಲ, ನಿಂಗಮ್ಮ. ಈ ಹೊಳಿ ಮೂಡಣ ದರ್ಯಾಕ್ಕ ಹೋಗ್ತದ. ಅವರು ಪಡುವಣದಾಗ ಅದಾರ."

ಅವಳು ಮುಷ್ಟಿ ಬಿಗಿ ಹಿಡಿದುಕೊಂಡೇ ದಂಡೆಗೆ ಬಂದಳು. ಮಣ್ಣನ್ನು ಮತ್ತೆ ಬಟ್ಟೆಗೆ ಹಾಕಿ ಗಂಟು ಕಟ್ಟಿದಳು. "ನಡೀರಿ, ಬ್ಯಾಡ" ಎಂದಳು. ಸಾಬಣ್ಣ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒಂದು ಹೂಂ ಅಂದಿದ್ರ ನಿಮ್ಮದೇನ ಹೋಗ್ತಿತ್ತ್ರಿ? ಓದಿದವ್ರು ಅಂದ್ರ ಕರುಳು ಬ್ಯಾಡೇನು?" ಎಂದ. ವಾಪಸು ಬರುವಾಗ ಟಂಟಂ ಗಾಡಿಯಲ್ಲಿ ನನ್ನ ಮಗ್ಗುಲಿನ ಜಾಗ ಖಾಲಿಯಿತ್ತು, ಯಾರೂ ಕೂರಲಿಲ್ಲ.

ನಿಂಗಮ್ಮ ಗಂಟು ತೆಗೆದುಕೊಂಡು ತವರುಮನೆ ಬೋನಾಳಕ್ಕೆ ಹೋಗಿಬಿಟ್ಟಳು. ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಪಕ್ಕದ ಮನೆಯಲ್ಲಿಟ್ಟು ಹೋಗಿದ್ದಳು. ಆ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಹಿತ್ತಲಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತ ಮೇಲೆ, ದಿನಾ ಅದನ್ನು ಕೇಳಿಕೊಂಡೇ ನಾನು ಕೆಲಸ ಮಾಡುತ್ತಿದ್ದೆ ಎಂದು ಗೊತ್ತಾಯಿತು. ಓಣಿಯವರು ನೋಡಿದರೂ ಮಾತಾಡಿಸುತ್ತಿರಲಿಲ್ಲ. ಸತ್ತವನ ಮಣ್ಣು ತಪ್ಪಿಸಿದವಳು ನಾನು. ಎಷ್ಟೋ ಸಂಜೆ ಮಾಳಿಗೆಯ ಮೇಲೆ ಕೂತು ಗುಡ್ಡದ ಬಂಡೆಗಳನ್ನು ನೋಡುತ್ತ, ಬಾಯಿ ಬಿಟ್ಟು ಒಂದು ಮಾತಾಡದೆ ದಿನ ಕಳೆಯಿತಲ್ಲ ಎಂದುಕೊಂಡಿದ್ದೇನೆ. ನಾನು ಹೇಳಿದ್ದು ಸತ್ಯ. ಆದರೂ ಸಾಬಣ್ಣನ ಮಾತನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ.

ಆ ದಿನಗಳಲ್ಲೇ ದೂರದೇಶದ ಗುಂಪಿನ ಮುಖ್ಯಸ್ಥೆ ಒಂದು ತಕರಾರು ತೆಗೆದರು. ನಮ್ಮ ಲೆಕ್ಕದ ಪ್ರಕಾರ ವಿಷ ತಲುಪಲೇಬಾರದ ಒಂದು ದಂಡೆಯ ಚಿಪ್ಪುಮೀನಿನಲ್ಲಿ ಅದರ ಸುಳಿವು ಸಿಕ್ಕಿತ್ತು. ಲೆಕ್ಕ ಎಲ್ಲಿ ತಪ್ಪಿದೆ ನೋಡು ಎಂದರು. ನೋಡಿದೆ, ಎಲ್ಲೂ ತಪ್ಪಿರಲಿಲ್ಲ. ಮತ್ತೆ ನೋಡಿದೆ. ಅಂಚಿಗೆ ಹೋದವು ಎಲ್ಲಿಗೆ ಹೋದವು ಎಂದು ನಿಂಗಮ್ಮ ಕೇಳಿದ್ದು ಆಗ ತಲೆಗೆ ಹೊಕ್ಕಿತು. ಚೌಕಟ್ಟನ್ನು ಅಗಲ ಮಾಡಿ, ಅಳಿಸುತ್ತಿದ್ದ ಚುಕ್ಕಿಗಳನ್ನು ಅಳಿಸದೆ ಬಿಟ್ಟೆ. ಬೇಸಿಗೆಯಲ್ಲಿ ಹೊರಗೆ ಹೋದವುಗಳಲ್ಲಿ ಕೆಲವು, ಚಳಿಗಾಲದ ಗಾಳಿ ತಿರುಗಿದ ಮೇಲೆ, ಬಹಳ ದೂರ ಸುತ್ತು ಹಾಕಿಕೊಂಡು ಆ ದಂಡೆಗೇ ಬಂದು ಮುಟ್ಟಿದವು. ಅವು ಹೋಗಿರಲೇ ಇಲ್ಲ. ನಾವು ನೋಡುವುದನ್ನು ಬಿಟ್ಟಿದ್ದೆವು.

ಗಾಳಿ ತಿರುಗಿದ ಮೇಲೆ. ಕೂತಲ್ಲಿಂದ ಎದ್ದು ನಿಂತೆ. ನಮ್ಮ ಕಡಲುಗಳೂ ಹಾಗೆಯೇ, ಮಳೆಗಾಲಕ್ಕೊಂದು ದಿಕ್ಕು, ಚಳಿಗಾಲಕ್ಕೊಂದು ದಿಕ್ಕು. ಓದುವಾಗ ಪರೀಕ್ಷೆಗೆಂದು ಬರೆದದ್ದನ್ನು ಬೇರೆಯವರ ಕಡಲಿನ ಚಾಕರಿಯಲ್ಲಿ ಪೂರಾ ಮರೆತಿದ್ದೆ. ಸೇತುವೆಯ ಕೆಳಗೆ ನಾನು ಕೊಟ್ಟ ಉತ್ತರ ಬಂಗಾಳದ ಕೊಲ್ಲಿಗೆ ಬಂದು ನಿಂತಿತ್ತು. ಅಲ್ಲಿಗೆ ಚೌಕಟ್ಟು ಹಾಕಿ, ಮುಂದಿನದನ್ನು ಅಳಿಸಿಬಿಟ್ಟಿದ್ದೆ.

ವರದಿಯನ್ನು ಬದಿಗಿಟ್ಟು ಕೃಷ್ಣೆ ಕಡಲು ಸೇರುವ ಜಾಗದಿಂದ ಚುಕ್ಕಿ ಬಿಟ್ಟೆ. ಲ್ಯಾಪ್‌ಟಾಪು ಕಾದು ಹಂಚಿನ ಹಾಗಾಗುತ್ತಿತ್ತು, ತಣ್ಣಗಾಗಲು ಪರಸಿ ಬಂಡೆಯ ನೆಲದ ಮೇಲಿಡುತ್ತಿದ್ದೆ. ಚುಕ್ಕಿಗಳು ಚಳಿಗಾಲದ ಹರಿವು ಹಿಡಿದು ಮೂಡಣ ದಂಡೆಯಲ್ಲಿ ಕೆಳಗಿಳಿದವು. ಶ್ರೀಲಂಕೆಯನ್ನು ಬಳಸಿ ತಿರುಗಿದವು. ಬಹುಪಾಲು ನಡುಗಡಲಲ್ಲಿ ಚದುರಿಹೋದವು. ಉಳಿದ ಕೆಲವೇ ಕೆಲವು ದೇಶದ ದಕ್ಷಿಣದ ತುದಿ ದಾಟಿ, ಪಡುವಣ ದಂಡೆಯ ಮಗ್ಗುಲಲ್ಲಿ ಮೇಲೇರಿ, ನಿಂಗಮ್ಮ ಕೈಯಾಡಿಸಿ ಅಳೆದಿದ್ದ ಆ ನೀರಿಗೆ ಬಂದವು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಗಟ್ಟಿಯಾಗಿ, "ಬಂತು" ಎಂದೆ.

ಮರುದಿನ ಕಾಲೇಜಿಗೆ ರಜೆ ಹಾಕಿ ಬೋನಾಳಕ್ಕೆ ಹೋದೆ. ಕೆರೆಗೆ ದೂರದ ಹಕ್ಕಿಗಳು ಬಂದಿಳಿದಿದ್ದವು, ಅವುಗಳ ಗದ್ದಲ ಊರಿನವರೆಗೂ ಕೇಳುತ್ತಿತ್ತು. ನಿಂಗಮ್ಮ ಕೆರೆಯ ಏರಿಯ ಮೇಲೆ ಕಟ್ಟಿಗೆ ಹೊರೆ ಇಳಿಸಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಬಾ ಎನ್ನಲೂ ಇಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಸೆರಗಿನಿಂದ ಬಿಸಿಲು ಮರೆಮಾಡಿ ತೋರಿಸಿದೆ.

"ಅವತ್ತು ನಾ ಅರ್ಧಾ ಹೇಳಿದ್ದೆ, ನಿಂಗಮ್ಮ. ಹೊಳಿ ಮೂಡಣಕ್ಕ ಹೋಗ್ತದ, ಖರೆ. ಆದ್ರ ಅಲ್ಲಿಗಿ ಮುಗಿಯಂಗಿಲ್ಲ. ಇಲ್ಲಿಂದ ಹಿಂಗ ಸುತ್ತಿ, ಚಳಿಗಾಲದಾಗ ಇಲ್ಲಿ ಬರ್ತದ. ಅವರ ಕಡಿ."

ಅವಳು ನೋಡುತ್ತಲೇ ಇದ್ದಳು. "ನನ್ನ ಸಮಾಧಾನಕ್ಕ ಹೇಳಾಕತ್ತೀರೇನು?" ಎಂದಳು.

"ನಾ ಹಂಗ ಹೇಳಾಕಿ ಆಗಿದ್ರ ಅವತ್ತ ಹೇಳ್ತಿದ್ದಿಲ್ಲೇನು?"

ಅದಕ್ಕವಳು ತುಟಿಯಂಚಿನಲ್ಲಿ ನಕ್ಕಳೋ ಏನೋ. ನಾನು ಉಳಿದದ್ದನ್ನೂ ಬಚ್ಚಿಡಲಿಲ್ಲ. ನಡುವೆ ಡ್ಯಾಮುಗಳಿವೆ. ಮಣ್ಣು ಮೊದಲ ಡ್ಯಾಮಿನ ತಳದಲ್ಲೇ ಕೂತುಬಿಡುತ್ತದೆ, ಮುಂದೆ ಹೋಗುವುದಿಲ್ಲ. ಅದರಲ್ಲಿನ ಉಪ್ಪು ಮಾತ್ರ ಕರಗಿ ನೀರಿನ ಜೊತೆ ಹೋಗುತ್ತದೆ. ಯಾವ ವರ್ಷ ಮುಟ್ಟುತ್ತದೋ ಹೇಳಲು ಬರುವುದಿಲ್ಲ. ಆ ಮದ್ದುಗುಂಡುಗಳದೂ ಇದೇ ಕತೆ, ಕಬ್ಬಿಣ ಬಿದ್ದಲ್ಲೇ ಇರುತ್ತದೆ, ಕರಗಿದ್ದು ಹೋಗುತ್ತದೆ ಎಂದೆ.

"ಎಷ್ಟು ಹೋಗಿ ಮುಟ್ಟತದ್ರಿ?"

"ಬಾಳ ಕಮ್ಮಿ. ಚಿಟಿಕಿಗಿಂತ ಕಮ್ಮಿ."

"ನಮ್ಮ ಹೊಲದಾಗ ಉಪ್ಪಿಗಿ ಏನ ಬರಗಾಲಿಲ್ಲ ಬಿಡ್ರಿ" ಎಂದಳು. ಹೇಳಿದ್ದೇ ತಡ, ಮುಖ ಮುಚ್ಚಿಕೊಂಡು ಅಳತೊಡಗಿದಳು. ಗಂಡ ಹೋದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನೂ ಅತ್ತೆ. ಆ ಸಲ ಬಾಗಿಲು ಹಾಕಿಕೊಳ್ಳಲಿಲ್ಲ.

ಮತ್ತೆ ಸೇತುವೆಯ ಕೆಳಗೆ ಹೋದೆವು, ಅದೇ ಗಂಟು, ಅವರೇ ಜನ. ಹೊಳೆ ಇಳಿದು ತಿಳಿಯಾಗಿತ್ತು, ನೀರು ತಣ್ಣಗೆ ಕೊರೆಯುತ್ತಿತ್ತು. ನಿಂಗಮ್ಮ ಇಳಿದು ಮೊದಲ ಹಿಡಿ ಹಾಕಿದಳು. ಏನೂ ಕೇಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಸಾಬಣ್ಣ ಹಾಕಿದ, "ತಮ್ಮಾ" ಎಂದೊಮ್ಮೆ ಕೂಗಿದ. ಉಳಿದವರು ಹಾಕಿದರು. ನಾನು ಹಿಂದಿನ ಸಲದ ಹಾಗೆಯೇ ದೂರದಲ್ಲಿ, ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಸಾಬಣ್ಣ ಬಟ್ಟೆಯಲ್ಲಿ ಉಳಿದ ಮಣ್ಣನ್ನು ಝಾಡಿಸಲು ಹೋದ.

"ಭಾವಾ, ತಡೀರಿ" ಎಂದಳು ನಿಂಗಮ್ಮ. ನೀರಿನಲ್ಲಿ ನಿಂತೇ ನನ್ನ ಕಡೆ ಕೈಚಾಚಿದಳು. "ಅಕ್ಕೋರ, ಚಪ್ಪಲಿ ಬಿಟ್ಟು ಬರ್ರಿ. ಮಣ್ಣಿಗಿ ಬಂದೀರಿ, ಹಾಕದ ಹೋಗ್ತೀರೇನು?"

ಇಳಿದೆ. ಸಾಬಣ್ಣ ಬಟ್ಟೆಯನ್ನು ನನ್ನ ಮುಂದೆ ಬಿಚ್ಚಿ ಹಿಡಿದ. ಮಣ್ಣು ಕೈಗೆ ಜಿಗುಟಾಗಿ ಹತ್ತಿತು, ಅಲ್ಲಲ್ಲಿ ಬಿಳಿ ಉಪ್ಪು ಕಾಣುತ್ತಿತ್ತು. ಬಗ್ಗಿ ನೀರಿಗೆ ಬಿಟ್ಟೆ. ತಳಕ್ಕೆ ಹೋಗುವ ಮಣ್ಣು ತಳಕ್ಕೆ ಹೋಯಿತು. ಬೆರಳ ಸಂದಿಯಲ್ಲಿ ಉಳಿದದ್ದು ಕರಗಿ ಹೋಗುವವರೆಗೂ ಕೈಯನ್ನು ನೀರಿನಲ್ಲೇ ಹಿಡಿದಿದ್ದೆ.